ಜೋಡಿಯಲ್ಲೊಂದು ಮುನಿದಾಗ

ಮೂವತ್ತನಾಲ್ಕು ವರ್ಷಗಳ ಕಾಲ ಹುಡುಗರಿಗೆ ಶಬ್ದರೂಪಗಳನ್ನೂ ಸಂಧಿಕಾರ್ಯಗಳನ್ನೂ ಹೇಳಿಕೊಟ್ಟು ನಿವೃತ್ತರಾದ ಸಂಸ್ಕೃತದ ಮೇಷ್ಟರೊಬ್ಬರು ಮೋಟಾರು ಸೈಕಲ್ಲಿನ ರಿಪೇರಿಯನ್ನು ಕುರಿತು ಲೇಖನಿ ಹಿಡಿದರೆ ವಾಚಕರು ನಗುವುದು ಸಹಜವೇ ಸರಿ. ಕಳೆದ ಕಾರ್ತಿಕದ ವರೆಗೆ ನಾವೂ ನಗುತ್ತಿದ್ದೆವು. ಯಂತ್ರದ ಹೊಟ್ಟೆಯೊಳಗೆ ಏನಿದೆಯೆಂದು ಅರವತ್ತು ವರ್ಷ ಇಣಿಕಿ ನೋಡದೆ ಇದ್ದ ನಮ್ಮನ್ನು ಆ ಕೆಲಸಕ್ಕೆ ಎಳೆದುತಂದದ್ದು ಮನೆಯೊಳಗಿನ ಒಂದು ವ್ಯಾಜ್ಯ.

ನಮ್ಮ ತಮ್ಮನು 1986ರಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ರಾಜದೂತ್ 350 ಗಾಡಿಯನ್ನು ಕೊಂಡನು. ಜಪಾನಿನ ಯಮಹಾ ಕಂಪೆನಿಯ ಆರ್‌.ಡಿ. 350 ಎಂಬ ಗಾಡಿಯ ಮಾದರಿಯಲ್ಲಿ ಎಸ್ಕಾರ್ಟ್ಸ್ ಕಂಪೆನಿಯವರು 1983ರಿಂದ ನಮ್ಮ ದೇಶದಲ್ಲಿಯೇ ಕಟ್ಟಿ ಮಾರುತ್ತಿದ್ದ ವಾಹನವದು. 347 ಘನ ಸೆಂಟಿಮೀಟರಿನ ಎಂಜಿನು, ಅಕ್ಕಪಕ್ಕದಲ್ಲಿ ಎರಡು ಸಿಲಿಂಡರುಗಳು, ಆರು ಗೇರುಗಳು. ಅದರ ವೇಗ ಎಷ್ಟು ಪ್ರಸಿದ್ಧವೋ ಅದರ ಪೆಟ್ರೋಲಿನ ದಾಹವೂ ಅಷ್ಟೇ ಪ್ರಸಿದ್ಧವಾಗಿತ್ತು. ಆ ದಾಹದಿಂದಲೇ ಜನ ಹಿಂಜರಿದರು. 1990ರ ಸುಮಾರಿಗೆ ಅದರ ತಯಾರಿಕೆ ನಿಂತೇಹೋಯಿತು. ಈಗ ಉಳಿದಿರುವವುಗಳನ್ನು ಸಾಕಿಕೊಂಡಿರುವವರು ಆನೆಯನ್ನು ಸಾಕಿದವರಂತೆ ಅಭಿಮಾನದಿಂದಲೂ ಖರ್ಚಿನಿಂದಲೂ ಸಾಕುತ್ತಾರೆ.

ಇಲ್ಲಿ ಮೈಸೂರಿನವರಾದ ವಾಚಕರಿಗೆ ಒಂದು ಮಾತು. 1961ರಿಂದ 1996ರ ವರೆಗೆ ನಮ್ಮ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ದಿ ಗಾಡಿಗಳನ್ನು ನೋಡಿ ಬೆಳೆದ ನಮ್ಮೂರವರು ಎರಡು ಹೊಗೆಕೊಳವೆ ಕಂಡೊಡನೆ ‘ಇದು ಎರಡು ಸಿಲಿಂಡರಿನದು’ ಎಂದು ತೀರ್ಮಾನಿಸುವುದುಂಟು. ಅದು ತಪ್ಪು. ರಸ್ತೆಯ ತುಂಬ ಓಡಾಡುತ್ತಿದ್ದ 250ರ ಯೆಜ್ದಿಗೆ ಕೊಳವೆ ಎರಡಾದರೂ ಸಿಲಿಂಡರು ಒಂದೇ. ಅಂಥ ಗಾಡಿಯಲ್ಲಿ ಒಂದು ಕೊಳವೆ ತಣ್ಣಗಾಯಿತೆಂದರೆ ಆ ಕೊಳವೆಯಲ್ಲಿ ಮಸಿ ಕಟ್ಟಿರಬಹುದೇ ಹೊರತು ಸಿಲಿಂಡರು ಸತ್ತಿತೆಂದು ಅರ್ಥವಲ್ಲ. ನಾವು ಈ ಲೇಖನದಲ್ಲಿ ಹೇಳಹೊರಟಿರುವುದು ನಿಜವಾಗಿ ಎರಡು ಸಿಲಿಂಡರುಗಳುಳ್ಳ ಎಂಜಿನಿನ ವಿಚಾರ.

ತಮ್ಮನು 2021ರಲ್ಲಿ ಕಾಯಿಲೆಯಿಂದ ತೀರಿಕೊಂಡನು. ಗಾಡಿ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಗೋಣಿಚೀಲ ಹೊದ್ದುಕೊಂಡು ನಾಲ್ಕು ವರ್ಷ ನಿಂತಿತು. ಈಗ ಅವನ ಮಗನಿಗೆ ಬೆಂಗಳೂರಿನಲ್ಲಿ ಕೆಲಸವಾಗಿದೆ. ಅಪ್ಪನ ಗಾಡಿಯನ್ನು ತಾನೇ ಓಡಿಸಿಕೊಂಡು ಹೋಗಬೇಕೆಂದು ಹುಡುಗನ ಹಟ. ಅದನ್ನು ಸಿಕ್ಕಿದ ಬೆಲೆಗೆ ಮಾರಿಬಿಡಬೇಕೆಂದು ತಾಯಿಯ ಹಟ. ಆಕೆಯದು ಹಣದಾಸೆಯಲ್ಲ. “ಭಾವ, ಒಬ್ಬರನ್ನು ಕಳುಹಿಸಿಕೊಟ್ಟಾಯಿತು. ಆ ಹೆದ್ದಾರಿಯಲ್ಲಿ ಈ ಮುದಿ ಗಾಡಿ ನಡುದಾರಿಯಲ್ಲಿ ಕೈಕೊಟ್ಟರೆ ನಾನೇನು ಮಾಡಲಿ? ನೀವು ನೋಡಿ ಸರಿಯಾಗಿದೆ ಎಂದರೆ ಮಾತ್ರ ನಾನು ಒಪ್ಪುತ್ತೇನೆ” ಎಂದಳು. ನಮಗೆ ಅದರಲ್ಲಿ ಏನೂ ತಿಳಿಯದೆಂದು ಆಕೆಗೆ ಗೊತ್ತು. ಆದರೂ ಹಿರಿಯರ ಮೇಲೆ ಹೊರಿಸಿದ ಭಾರವನ್ನು ಹೊರದೆ ಇರುವುದು ಹೇಗೆ?

ಗಾಡಿಯನ್ನು ತೊಳೆದು, ಹಳಸಿದ ಪೆಟ್ರೋಲನ್ನು ಚೆಲ್ಲಿ ಹೊಸದನ್ನು ಹಾಕಿ ಹುಡುಗನು ಕಿಕ್ ಹೊಡೆದನು. ಇಪ್ಪತ್ತು ಸಲಕ್ಕೆ ಎದ್ದಿತು. ಆದರೆ ಕುಂಟುತ್ತ ಎದ್ದಿತು. ನಿಧಾನಗತಿಯಲ್ಲಿ ಬಲಗಡೆಯದು ತಾಳ ತಪ್ಪದೆ ನುಡಿಯುವುದು. ಎಡಗಡೆಯದು ನಾಲ್ಕಕ್ಕೆ ಒಂದು ಸಲ ‘ಫಟ್’ ಎಂದು ಸುಮ್ಮನಾಗುವುದು. ಆಕ್ಸಲರೇಟರನ್ನು ತಿರುವಿದರೆ ಎಡದ್ದೂ ಸೇರಿಕೊಂಡು ಎರಡೂ ಆರ್ಭಟಿಸುವುವು. ತಿರುವನ್ನು ಬಿಟ್ಟಮೇಲೆ ಕೂಡಲೇ ಇಳಿಯಬೇಕಾದ ವೇಗ ಇಳಿಯದೆ, ಕರೆದರೂ ತಿರುಗಿ ನೋಡದ ಕರುವಿನಂತೆ, ಇನ್ನೂ ಕೆಲವು ಕ್ಷಣ ಓಡುತ್ತಲೇ ಇರುವುದು. ಈ ಕಡೆಯ ಲಕ್ಷಣವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾವು ಅದನ್ನು ಆಗ ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ.

ಮೊದಲು ತೋರಿಸಿದ ರಿಪೇರಿಯವನು ಹೊಗೆಯನ್ನು ನೋಡಿದವನೇ, “ಎರಡು ಬೋರೂ ಸವೆದಿವೆ, ಲೇತಿಗೆ ಕೊಟ್ಟು ಕೊರೆಸಿ ಹೊಸ ಪಿಸ್ಟನ್ನು ಹಾಕಬೇಕು, 30 ಸಾವಿರ ಆದೀತು” ಎಂದನು. ಎರಡನೆಯವನು ಎಡದ ಕಾರ್ಬ್ಯುರೇಟರಿಗೆ ದೊಡ್ಡ ಜೆಟ್ಟು ಹಾಕಿ, “ನಾಲ್ಕು ದಿನ ಜೋರಾಗಿ ಓಡಿಸಿ, ತಾನೇ ಸರಿಹೋಗುತ್ತದೆ” ಎಂದು ಹೇಳುವವನಿದ್ದನು. ಹುಡುಗನಿಗೆ ಈ ಎರಡನೆಯ ಉಪದೇಶ ಬಹಳ ರುಚಿಸಿತು. ಅದರಂತೆ ನಡೆದಿದ್ದರೆ ಏನಾಗುತ್ತಿತ್ತೆಂಬುದನ್ನು ಮುಂದೆ ಹೇಳುತ್ತೇವೆ.

ಅಷ್ಟರಲ್ಲಿ ನಮ್ಮ ಪುಣ್ಯಕ್ಕೆ ಹಳೆಯ ಶಿಷ್ಯನೊಬ್ಬನು ಕಣ್ಣಿಗೆ ಬಿದ್ದನು. ತರಗತಿಯಲ್ಲಿ ಲಟ್ ಲಕಾರಕ್ಕೂ ಲೋಟ್ ಲಕಾರಕ್ಕೂ ಭೇದವರಿಯದೆ ನಮ್ಮಿಂದ ಬೈಸಿಕೊಂಡವನು. ಈಗ ಸ್ವಂತ ಅಂಗಡಿಯಿಟ್ಟು ಹಳೆಯ ಗಾಡಿಗಳನ್ನೇ ಜೀರ್ಣೋದ್ಧಾರ ಮಾಡುತ್ತಾನೆ. ಅವನು ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, “ಮೇಷ್ಟ್ರೇ, ಮೊದಲು ಯಾವುದನ್ನೂ ಬಿಚ್ಚುವುದು ಬೇಡ. ಎರಡು ಸಿಲಿಂಡರಿನ ಗಾಡಿಯಲ್ಲಿ ಒಂದು ಅನುಕೂಲವಿದೆ. ಕೆಟ್ಟದ್ದರ ಪಕ್ಕದಲ್ಲಿಯೇ ಚೆನ್ನಾಗಿರುವುದು ಇರುತ್ತದೆ. ಒಂದನ್ನು ನೋಡಿ ಇನ್ನೊಂದನ್ನು ತಿಳಿಯಬಹುದು” ಎಂದನು.

ಈ ಮಾತನ್ನು ಕೇಳಿ ನಾವು ಬೆರಗಾದೆವು. ನಮ್ಮ ತಾರ್ಕಿಕರು ಅನ್ವಯವ್ಯತಿರೇಕವೆಂದು ಹೇಳುವುದು ಇದನ್ನೇ ಅಲ್ಲವೆ? ಯಾವುದು ಇರುವಲ್ಲಿ ದೋಷವಿರುವುದೋ, ಯಾವುದು ಇಲ್ಲದಿರುವಲ್ಲಿ ದೋಷವೂ ಇಲ್ಲವಾಗುವುದೋ ಅದೇ ಕಾರಣ. ಆರ್‌.ಡಿ. ಗಾಡಿಯಲ್ಲಿ ಪ್ರತಿಯೊಂದು ಸಿಲಿಂಡರಿಗೂ ಪ್ರತ್ಯೇಕವಾಗಿ ಒಂದು ಪ್ಲಗ್ಗು, ಒಂದು ಕಾಯಿಲು, ಒಂದು ಜೊತೆ ಪಾಯಿಂಟು, ಒಂದು ಕಂಡೆನ್ಸರು, ಒಂದು ಕಾರ್ಬ್ಯುರೇಟರು ಇರುವುವು. ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ನೋಡತಕ್ಕದ್ದು. ದೋಷವು ವಸ್ತುವಿನೊಡನೆ ಎದ್ದು ಹೋದರೆ ಆ ವಸ್ತುವೇ ಅಪರಾಧಿ. ಹೋಗದೆ ಇದ್ದಲ್ಲಿಯೇ ಇದ್ದರೆ ಅದು ನಿರಪರಾಧಿಯೆಂದು ಬಿಡುಗಡೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕೆಂಬುದು ಇದರ ಮುಖ್ಯ ನಿಯಮ. ಎರಡನ್ನು ಒಟ್ಟಿಗೆ ಬದಲಾಯಿಸಿ ಗಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯದು.

ಮೊದಲನೆಯ ಕೆಲಸ, ಮುನಿದಿರುವ ಸಿಲಿಂಡರು ಯಾವುದೆಂದು ನಿಶ್ಚಯಿಸುವುದು. ಕಿವಿಯನ್ನು ನಂಬಬಾರದೆಂದು ಶಿಷ್ಯನು ಹೇಳಿದನು. ಎಂಜಿನು ಪೂರ್ತಿ ತಣ್ಣಗಿರುವಾಗ ಎಬ್ಬಿಸಿ, ಒಂದು ನಿಮಿಷ ಓಡಿಸಿ, ಎರಡು ಹೊಗೆಕೊಳವೆಗಳ ಬುಡಕ್ಕೂ ನೀರಿನ ಹನಿಗಳನ್ನು ಚಿಮುಕಿಸಿದನು. ಬಲಗಡೆ ಕಾದ ದೋಸೆಯ ಕಾವಲಿಯ ಮೇಲೆ ಬಿದ್ದಂತೆ ಚುರ್ ಎಂದು ಹಾರಿತು. ಎಡಗಡೆ ಹನಿ ಮೆಲ್ಲನೆ ಜಾರಿ ಆರಿತು. ಗೃಹಿಣಿಯರಿಗೆ ಈ ಪರೀಕ್ಷೆಯನ್ನು ವಿವರಿಸಬೇಕಾದುದಿಲ್ಲ. ಕೆಲವರು ಓಡುತ್ತಿರುವ ಎಂಜಿನಿನ ಪ್ಲಗ್ಗಿನ ಟೋಪಿಯನ್ನೇ ಕಿತ್ತು ನೋಡುತ್ತಾರೆ. ಅದು ಕೈಗೂ ಕೆಡುಕು, ಕಾಯಿಲಿಗೂ ಕೆಡುಕು.

ಆಮೇಲೆ ಎರಡು ಪ್ಲಗ್ಗುಗಳನ್ನೂ ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದನು. ಬಲದ ಪ್ಲಗ್ಗಿನ ಮೂತಿ ಬಿಸ್ಕತ್ತಿನ ಬಣ್ಣಕ್ಕಿತ್ತು. ಅದು ಆರೋಗ್ಯದ ಲಕ್ಷಣ. ಎಡದ್ದು ಸುಣ್ಣ ಬಳಿದಂತೆ ಬೆಳ್ಳಗಿತ್ತು. ಎಡದ್ದು ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲು ಉರಿಯದೆ ಉಳಿದಿದೆ, ಕಿಡಿ ಸಾಲದು ಎಂದು ಊಹಿಸಬಹುದಾಗಿತ್ತು. ಬೆಳ್ಳಗಿದ್ದರೆ ಪೆಟ್ರೋಲು ಕಡಮೆಯಾಗಿರಬೇಕು, ಇಲ್ಲವೆ ಗಾಳಿ ಹೆಚ್ಚಾಗಿರಬೇಕು. ವೈದ್ಯನು ನಾಲಗೆಯನ್ನು ನೋಡುವುದಕ್ಕೂ ಇದಕ್ಕೂ ನಮಗೆ ವ್ಯತ್ಯಾಸ ಕಾಣಿಸಲಿಲ್ಲ.

ಬಣ್ಣ ಸೂಚನೆ ಕೊಟ್ಟರೂ ಶಿಷ್ಯನು ಕ್ರಮವನ್ನು ಬಿಡಲಿಲ್ಲ. ಪ್ಲಗ್ಗುಗಳನ್ನು ಅದಲುಬದಲು ಮಾಡಿದನು. ದೋಷ ಎಡಗಡೆಯೇ ಉಳಿಯಿತು. ಕಾಯಿಲುಗಳ ತಂತಿಗಳನ್ನು ಅಡ್ಡಕ್ಕೆ ಜೋಡಿಸಿ ಎಡದ ಕಾಯಿಲು ಬಲಕ್ಕೆ ಕಿಡಿ ಕೊಡುವಂತೆ ಮಾಡಿದನು, ಆಗಲೂ ಎಡಗಡೆಯೇ. ಪಾಯಿಂಟುಗಳ ಮುಖವನ್ನು ಉಜ್ಜಿ, ದಪ್ಪ ಕಾಗದದ ಚೂರನ್ನು ನಡುವೆ ಎಳೆದು ಶುದ್ಧಮಾಡಿ, ಬಾಯಿ ತೆರೆದಾಗಿನ ಅಂತರವನ್ನು ಅಳತೆಯ ಎಲೆಯಿಂದ ನೋಡಿದನು. ಅದು 0.3ರಿಂದ 0.4 ಮಿಲಿಮೀಟರಿನೊಳಗಿರಬೇಕು, ಎರಡೂ ಹಾಗೆಯೇ ಇದ್ದುವು. ಹೀಗೆ ಕಿಡಿಯ ಇಲಾಖೆಯವರೆಲ್ಲ ಬಿಡುಗಡೆಯಾದರು. ಎಡದ ಕಾರ್ಬ್ಯುರೇಟರನ್ನು ಬಿಚ್ಚಿದಾಗ ನಾಲ್ಕು ವರ್ಷದ ಪೆಟ್ರೋಲು ಅಂಟಾಗಿ ಜೆಟ್ಟಿಗೆ ಹಿಡಿದಿದ್ದುದು ನಿಜ. “ಸಿಕ್ಕಿತು ದೊಡ್ಡಪ್ಪಾ!” ಎಂದು ಹುಡುಗನು ಕುಣಿದನು. ತೊಳೆದು ಹಾಕಿದ್ದಾಯಿತು; ಎಡದ ಜೆಟ್ಟುಗಳನ್ನು ಬಲಕ್ಕೂ ಬಲದವನ್ನು ಎಡಕ್ಕೂ ಹಾಕಿದ್ದಾಯಿತು; ತಿರುವಿದಾಗ ಎರಡು ಕಾರ್ಬ್ಯುರೇಟರುಗಳ ಬಾಗಿಲುಗಳೂ ಒಂದೇ ಸಮನಾಗಿ ಏಳುವಂತೆ ತಂತಿಗಳನ್ನು ಸರಿಗೊಳಿಸಿದ್ದಾಯಿತು. ಕುಂಟು ಸ್ವಲ್ಪ ಕಡಮೆಯಾದಂತೆ ತೋರಿತು. ಆದರೆ ಹೋಗಲಿಲ್ಲ.

ಹೊಗೆಯ ವಿಚಾರವನ್ನು ಇಲ್ಲಿ ಹೇಳಿಬಿಡಬೇಕು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯುಂಟೆಂದು ಊಹಿಸುವುದು ತರ್ಕದ ಮೊದಲ ಪಾಠ. ಮೊದಲಿನ ರಿಪೇರಿಯವನೂ ಹಾಗೆಯೇ ಹೊಗೆ ಕಂಡು ಬೋರು ಸವೆದಿದೆಯೆಂದು ಊಹಿಸಿದನು. ಆದರೆ ಎರಡು ಸ್ಟ್ರೋಕಿನ ಎಂಜಿನು ಪೆಟ್ರೋಲಿನೊಡನೆ ಎಣ್ಣೆಯನ್ನೂ ಸುಡುವುದರಿಂದ ಆರೋಗ್ಯವಾಗಿದ್ದಾಗಲೂ ಹೊಗೆಯಾಡುವುದು, ಕಾಯಿಲೆಯಲ್ಲಿಯೂ ಹೊಗೆಯಾಡುವುದು. ಇದ್ದ ಕಡೆಯಲ್ಲಿಯೂ ಇಲ್ಲದ ಕಡೆಯಲ್ಲಿಯೂ ಕಾಣಿಸಿಕೊಳ್ಳುವ ಇಂಥ ಗುರುತನ್ನು ಶಾಸ್ತ್ರದಲ್ಲಿ ಸವ್ಯಭಿಚಾರವೆಂದು ತಳ್ಳಿಹಾಕುತ್ತಾರೆ. ಬೋರು ಸವೆದಿದೆಯೋ ಇಲ್ಲವೋ ಎಂದು ತಿಳಿಯಲು ಬೇರೆ ಪರೀಕ್ಷೆಯೇ ಇದೆ: ಎರಡು ಪ್ಲಗ್ಗುಗಳನ್ನೂ ತೆಗೆದು ಲೋಹಕ್ಕೆ ತಾಗಿಸಿಟ್ಟು, ಪ್ಲಗ್ಗಿನ ತೂತಿಗೆ ಒತ್ತಡದ ಮಾಪಕವನ್ನು ತಿರುಗಿಸಿ, ಆಕ್ಸಲರೇಟರನ್ನು ಪೂರ್ತಿ ತೆರೆದು ಐದಾರು ಕಿಕ್ ಹೊಡೆಯುವುದು. ಎಡಬಲಗಳ ಅಂಕಿಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಅಂತರವಿದ್ದರೆ ಯೋಚಿಸಬೇಕು. ನಮ್ಮದರಲ್ಲಿ ಎರಡೂ ಹೆಚ್ಚು ಕಡಮೆ ಒಂದೇ ಅಂಕಿಯನ್ನು ತೋರಿಸಿದುವು. 30 ಸಾವಿರದ ಮಾತು ಅಲ್ಲಿಗೆ ಮುಗಿಯಿತು.

ಕಿಡಿ ಸರಿ, ಪೆಟ್ರೋಲು ಸರಿ, ಒತ್ತಡ ಸರಿ. ಆದರೂ ಎಡದ್ದು ಬಿಳಿಚಿಕೊಂಡಿದೆ. ಪೆಟ್ರೋಲು ಕಡಮೆಯಿಲ್ಲವಾದರೆ ಗಾಳಿಯೇ ಹೆಚ್ಚಾಗಿ ಬರುತ್ತಿರಬೇಕು. ಎಲ್ಲಿಂದ?

ಇದನ್ನು ತಿಳಿಯುವುದಕ್ಕೆ ಎರಡು ಸ್ಟ್ರೋಕಿನ ಎಂಜಿನು ಹೇಗೆ ಉಸಿರಾಡುವುದೆಂಬುದನ್ನು ಅರಿಯಬೇಕು. ನಾಲ್ಕು ಸ್ಟ್ರೋಕಿನ ಎಂಜಿನಿನಲ್ಲಿ ಪೆಟ್ರೋಲು ಗಾಳಿಗಳ ಮಿಶ್ರಣವು ನೆತ್ತಿಯ ವಾಲ್ವುಗಳ ಮೂಲಕ ನೇರವಾಗಿ ಸಿಲಿಂಡರಿಗೆ ಹೋಗುವುದು. ಇದರಲ್ಲಿ ಹಾಗಲ್ಲ. ಪಿಸ್ಟನ್ನು ಮೇಲಕ್ಕೇರುವಾಗ ಅದರ ಕೆಳಗಿರುವ ಕ್ರ್ಯಾಂಕಿನ ಪೆಟ್ಟಿಗೆಯೊಳಕ್ಕೆ ಮಿಶ್ರಣವು ಸೇದಲ್ಪಡುವುದು; ಪಿಸ್ಟನ್ನು ಇಳಿಯುವಾಗ ಆ ಪೆಟ್ಟಿಗೆಯಲ್ಲಿ ಅದುಮಲ್ಪಟ್ಟು, ಪಕ್ಕದ ಕಂಡಿಗಳ ಮೂಲಕ ಪಿಸ್ಟನ್ನಿನ ಮೇಲಕ್ಕೆ ನುಗ್ಗುವುದು. ಕಮ್ಮಾರನ ತಿದಿಯಂತೆ ಆ ಪೆಟ್ಟಿಗೆಯ ಕೆಲಸ. ತಿದಿಗೆ ತೂತು ಬಿದ್ದರೆ ಕುಲುಮೆ ಹೇಗೆ ಉರಿದೀತು? ಎರಡು ಸಿಲಿಂಡರುಗಳಿಗೆ ಎರಡು ಪ್ರತ್ಯೇಕ ಪೆಟ್ಟಿಗೆಗಳು. ಕ್ರ್ಯಾಂಕಿನ ದಂಡವು ಪೆಟ್ಟಿಗೆಯಿಂದ ಹೊರಕ್ಕೆ ಬರುವ ಎರಡು ತುದಿಗಳಲ್ಲಿಯೂ ರಬ್ಬರಿನ ತುಟಿಯುಳ್ಳ ಒಂದೊಂದು ಆಯಿಲ್ ಸೀಲು ಇರುವುದು. ಬಲಗಡೆಯ ಸೀಲು ಕ್ಲಚ್ಚಿನ ಮಗ್ಗುಲಲ್ಲಿ ಎಣ್ಣೆಯಲ್ಲಿ ತೊಯ್ದಿರುತ್ತದೆ. ಅದು ಕೆಟ್ಟರೆ ಗೇರಿನ ಎಣ್ಣೆಯನ್ನು ಹೀರಿ ಬಲದ ಕೊಳವೆ ದಟ್ಟವಾಗಿ ಬಿಳಿಯ ಹೊಗೆ ಉಗುಳುವುದು, ಗೇರುಪೆಟ್ಟಿಗೆಯ ಎಣ್ಣೆಯೂ ಇಳಿಯುವುದು. ಎಡಗಡೆಯ ಸೀಲು ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರಿನ ಹಿಂದೆ ಒಣಗಿಯೇ ಇರುತ್ತದೆ. ಅದು ಕೆಟ್ಟರೆ ಬರಿಯ ಗಾಳಿಯನ್ನು ಹೀರುವುದು. ಹೊಗೆಯಿಲ್ಲ, ಸೋರಿಕೆಯಿಲ್ಲ, ಕಣ್ಣಿಗೆ ಕಾಣುವ ಗುರುತೇ ಇಲ್ಲ.

ಪಿಸ್ಟನ್ನಿನ ಮೇಲಿನ ಒತ್ತಡವನ್ನು ಅಳೆಯುವ ಮಾಪಕವು ಪಿಸ್ಟನ್ನಿನ ಕೆಳಗಿನ ಈ ದೋಷವನ್ನು ಹೇಳಲಾರದು. ಎಲ್ಲವನ್ನೂ ತಳ್ಳಿ ಉಳಿದದ್ದನ್ನು ಹಿಡಿಯುವ ಪರಿಶೇಷಾನುಮಾನದಿಂದ ನಾವು ಸೀಲಿನ ವರೆಗೆ ಬಂದಿದ್ದೆವು. ಶಿಷ್ಯನಿಗೆ ಅಷ್ಟು ಸಾಲದಾಯಿತು. “ಕಣ್ಣಾರೆ ನೋಡಿಬಿಡೋಣ ಮೇಷ್ಟ್ರೇ. ಮನೆಯಲ್ಲಿ ಬಿ.ಪಿ. ನೋಡುವ ಪಂಪು ಇದೆಯೆ? ನನ್ನದರ ರಬ್ಬರು ಹರಿದುಹೋಗಿದೆ” ಎಂದು ಕೇಳಿದನು.

ನಮ್ಮ ಮನೆಯಾಕೆ ರಕ್ತದೊತ್ತಡದವಳು. ಮುಳ್ಳಿನ ಗಡಿಯಾರವೂ ರಬ್ಬರಿನ ಬುರುಡೆಯೂ ಇರುವ ಹಳೆಯ ಮಾದರಿಯ ಯಂತ್ರ ಮನೆಯಲ್ಲಿಯೇ ಇತ್ತು. ಅದನ್ನು ಆಕೆಯ ಕೈಯಿಂದ ಪಡೆದ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಶಿಷ್ಯನು ಕೊಳವೆಗಳನ್ನು ಕಳಚಿ ಹೊಗೆಯ ಬಾಯಿಗಳನ್ನೂ, ಕಾರ್ಬ್ಯುರೇಟರುಗಳನ್ನು ತೆಗೆದು ಆ ಬಾಯಿಗಳನ್ನೂ ರಬ್ಬರಿನಿಂದ ಬಿಗಿಯಾಗಿ ಮುಚ್ಚಿದನು; ಎಡದ ಪಿಸ್ಟನ್ನನ್ನು ಕೆಳಕ್ಕಿಳಿಸಿ, ಎಡದ ಪ್ಲಗ್ಗಿನ ತೂತಿಗೆ ನಮ್ಮ ಮನೆಯ ಯಂತ್ರದ ನಳಿಗೆಯನ್ನು ಸಿಕ್ಕಿಸಿ ಬುರುಡೆಯನ್ನು ಒತ್ತತೊಡಗಿದನು. ಮುಳ್ಳು 250ಕ್ಕೆ ಏರಿತು. ಪಾದರಸದ 250 ಮಿಲಿಮೀಟರೆಂದರೆ ಚದರಂಗುಲಕ್ಕೆ ಸುಮಾರು 5 ಪೌಂಡು; ಇದಕ್ಕಿಂತ ಬಹಳ ಹೆಚ್ಚು ಒತ್ತಿದರೆ ಒಳ್ಳೆಯ ಸೀಲೂ ಜಾಗ ಬಿಟ್ಟೀತು. ಸರಿಯಾದ ಎಂಜಿನಿನಲ್ಲಿ ಮುಳ್ಳು ನಿಮಿಷಗಟ್ಟಲೆ ನಿಲ್ಲಬೇಕು. ನಮ್ಮದರಲ್ಲಿ ಹತ್ತು ಎಣಿಸುವುದರೊಳಗೆ ಸೊನ್ನೆಗೆ ಬಿತ್ತು.

ಸೀಗೆಯಲ್ಲ, ಸೋಪಿನ ನೀರು ಬೇಕೆಂದನು. ತಲೆಯ ಸಂದಿಗೆ ಹಚ್ಚಿದೆವು, ಗುಳ್ಳೆಯಿಲ್ಲ. ಸಿಲಿಂಡರಿನ ಬುಡಕ್ಕೆ ಹಚ್ಚಿದೆವು, ಇಲ್ಲ. ಮಿಶ್ರಣ ಒಳಹೋಗುವ ರಬ್ಬರಿನ ಕೊರಳಿಗೆ ಹಚ್ಚಿದೆವು, ಅಲ್ಲಿಯೂ ಇಲ್ಲ. ಎಡದ ಮುಚ್ಚಳವನ್ನು ತೆಗೆದು, ಪಾಯಿಂಟುಗಳ ತಟ್ಟೆಯನ್ನೂ ಆಲ್ಟರ್ನೇಟರಿನ ಚಕ್ರವನ್ನೂ ಕಳಚಿ, ದಂಡದ ಸುತ್ತ ಕುಂಚದಿಂದ ನೀರು ಸವರಿ ಬುರುಡೆಯನ್ನು ಒತ್ತಿದನು. ಸೀಲಿನ ತುಟಿಯ ಒಂದು ಪಕ್ಕದಿಂದ ಮಕ್ಕಳು ಊದಿದಂತೆ ಗುಳ್ಳೆಗಳ ಸಾಲೇ ಎದ್ದಿತು. ನಾಲ್ಕು ವರ್ಷ ನಿಂತಲ್ಲಿಯೇ ನಿಂತು ಒಣಗಿದ ರಬ್ಬರು ಹಲಗೆಯಂತೆ ಗಟ್ಟಿಯಾಗಿ ಸೀಳುಬಿಟ್ಟಿತ್ತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನ ವರೆಗೂ ಎಥನಾಲು ಬೆರೆತಿರುವುದರಿಂದ, ಅದನ್ನು ತಡೆಯಲು ಮಾಡದ ಹಳೆಯ ರಬ್ಬರುಗಳ ವಿಷಯದಲ್ಲಿ ಹಳೆಯ ಗಾಡಿಯವರು ಇನ್ನೂ ಎಚ್ಚರವಾಗಿರಬೇಕೆಂದು ಶಿಷ್ಯನು ಹೇಳಿದನು.

ತಿರುವನ್ನು ಬಿಟ್ಟರೂ ಎಂಜಿನು ಓಡುತ್ತಲೇ ಇದ್ದುದು ಏತಕ್ಕೆಂದು ಆಗ ನಮಗೆ ಹೊಳೆಯಿತು. ಕಾರ್ಬ್ಯುರೇಟರಿನ ಬಾಗಿಲನ್ನು ಮುಚ್ಚಿದರೂ ಕಳ್ಳಕಿಂಡಿಯಿಂದ ಗಾಳಿ ಬರುತ್ತಲೇ ಇತ್ತು. ಮೊದಲನೆಯ ದಿನವೇ ಎಂಜಿನು ತನ್ನ ಕಾಯಿಲೆಯನ್ನು ತಾನೇ ಹೇಳಿಕೊಂಡಿತ್ತು. ಕೇಳುವ ಕಿವಿ ನಮಗಿರಲಿಲ್ಲ.

ಈಗ ಎರಡನೆಯವನ ಉಪದೇಶದ ಮಾತು. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಮೆಯಾದ ಮಿಶ್ರಣವು ವಿಪರೀತ ಬಿಸಿಯನ್ನು ಹುಟ್ಟಿಸುವುದು. ನಿಧಾನದಲ್ಲಿ ಅದು ಬರಿಯ ಕುಂಟು. ಹೆದ್ದಾರಿಯಲ್ಲಿ ಹತ್ತು ಮೈಲಿ ತಿರುವನ್ನು ಬಿಗಿಹಿಡಿದು ಓಡಿಸಿದರೆ ಎಡದ ಪಿಸ್ಟನ್ನು ಕಾದು ಹಿಗ್ಗಿ ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಳ್ಳುವುದು, ಇಲ್ಲವೆ ಅದರ ನೆತ್ತಿಯೇ ಕರಗಿ ತೂತಾಗುವುದು. ಕಚ್ಚಿಕೊಂಡ ಕ್ಷಣದಲ್ಲಿ ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿಬಿಡುವುದು. ಕ್ಲಚ್ಚನ್ನು ಕೂಡಲೇ ಒತ್ತಿದರೆ ಉಳಿಯಬಹುದು. ಆದರೆ ಕೈ ಅಷ್ಟು ಬೇಗ ಓಡುವುದೆಂದು ಯಾರು ಹೇಳಬಲ್ಲರು? ದೊಡ್ಡ ಜೆಟ್ಟು ಹಾಕಿದ್ದರೆ ನಿಧಾನದ ಕುಂಟು ಮರೆಯಾಗಿ, ಹುಡುಗನು ಗಾಡಿ ಸರಿಹೋಯಿತೆಂಬ ಧೈರ್ಯದಿಂದ ಹೊರಡುತ್ತಿದ್ದನು. ಶಿಷ್ಯನು ಇದನ್ನೆಲ್ಲ ಹೇಳುವಾಗ ನಮ್ಮ ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾವು ಆಕೆಯ ಮುಖವನ್ನು ನೋಡಲಿಲ್ಲ.

ಹೊಸ ಸೀಲಿಗೆ ಐನೂರು ರೂಪಾಯಿ ಕೂಡ ಆಗಲಿಲ್ಲ. ಅದನ್ನು ಕೂರಿಸುವ ಮುನ್ನ ಶಿಷ್ಯನು ಕ್ರ್ಯಾಂಕಿನ ದಂಡವನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿ ನೋಡಿದನು. ಬೇರಿಂಗು ಸವೆದು ದಂಡ ಅಲುಗುತ್ತಿದ್ದರೆ ಹೊಸ ಸೀಲೂ ಬಹುಕಾಲ ಬಾಳದು, ದೈವಕೃಪೆಯಿಂದ ಅಲುಗಲಿಲ್ಲ. ಸೀಲಿನ ತುಟಿಗೆ ಎಣ್ಣೆ ಸವರಿ, ಓರೆಯಾಗದಂತೆ ಮೆಲ್ಲಮೆಲ್ಲನೆ ತಟ್ಟಿ ಕೂರಿಸಿದನು. ಮತ್ತೆ ಬುರುಡೆಯನ್ನು ಒತ್ತಿದಾಗ ಮುಳ್ಳು 250ರಲ್ಲಿ ನಿಂತಿತು. ನಾವು ಗಡಿಯಾರ ಹಿಡಿದು ಐದು ನಿಮಿಷ ನೋಡಿದೆವು. ಇಳಿದದ್ದು ಗಣನೆಗೆ ಬಾರದಷ್ಟು. ಪಾಯಿಂಟುಗಳ ತಟ್ಟೆಯನ್ನು ಕಳಚಿದ್ದರಿಂದ ಕಿಡಿಯ ಕಾಲವನ್ನು ಹೊಸದಾಗಿ ಹೊಂದಿಸಬೇಕಾಯಿತು. ಪಿಸ್ಟನ್ನು ಶಿಖರವನ್ನು ಮುಟ್ಟುವುದಕ್ಕೆ ಸುಮಾರು ಎರಡು ಮಿಲಿಮೀಟರು ಮುಂಚೆ ಕಿಡಿ ಹಾರಬೇಕು. ಇದನ್ನು ಪ್ಲಗ್ಗಿನ ತೂತಿನಲ್ಲಿ ಮಾಪಕವಿಟ್ಟು ಒಂದೊಂದು ಸಿಲಿಂಡರಿಗೂ ಬೇರೆಬೇರೆಯಾಗಿ ನೋಡತಕ್ಕದ್ದು, ಕಣ್ಣಳತೆ ಕೂಡದು.

ನಾಲ್ಕು ಸ್ಟ್ರೋಕಿನ ಜೋಡಿ ಸಿಲಿಂಡರಿನ ಗಾಡಿಗಳು ಈಗ ಮತ್ತೆ ಬಂದಿವೆ. ರಾಯಲ್ ಎನ್‌ಫೀಲ್ಡಿನವರ 650ರ ಗಾಡಿಗಳು 2018ರಿಂದ ಓಡಾಡುತ್ತಿವೆ. ಅವುಗಳಲ್ಲಿ ಪಾಯಿಂಟೂ ಇಲ್ಲ, ಕಾರ್ಬ್ಯುರೇಟರೂ ಇಲ್ಲ; ಕ್ರ್ಯಾಂಕಿನ ಪೆಟ್ಟಿಗೆ ಉಸಿರಾಡುವುದೂ ಇಲ್ಲ. ಅಲ್ಲಿ ವಾಲ್ವುಗಳ ಬಿಡುವನ್ನೂ ಪೆಟ್ರೋಲು ಚಿಮ್ಮುವ ಇಂಜೆಕ್ಟರನ್ನೂ ನೋಡಬೇಕಾಗುವುದು. ಆದರೂ ಎಡಬಲಗಳನ್ನು ಬದಲಾಯಿಸಿ ನೋಡುವ ವಿಧಾನ ಅಲ್ಲಿಗೂ ಸಲ್ಲುವುದು. ಯಾವ ಎಂಜಿನನ್ನೇ ಆಗಲಿ ಮುಚ್ಚಿದ ಕೋಣೆಯಲ್ಲಿ ಓಡಿಸಬಾರದು. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಾಯುವಿರುವುದು. ಕಿಡಿಯನ್ನು ಪರೀಕ್ಷಿಸುವಾಗ ಪೆಟ್ರೋಲಿನ ಬಟ್ಟಲು ಹತ್ತಿರದಲ್ಲಿರಕೂಡದು.

ಮೂರನೆಯ ಕಿಕ್ಕಿಗೆ ಗಾಡಿ ಎದ್ದಿತು. ಎರಡೂ ಒಂದೇ ತಾಳದಲ್ಲಿ ನುಡಿದುವು. ತಿರುವನ್ನು ಬಿಟ್ಟೊಡನೆ ಇಳಿದುವು. ಹುಡುಗನು ಶಿಷ್ಯನ ಅಪ್ಪಣೆಯಂತೆ ಮೊದಲ ದಿನ ಶ್ರೀರಂಗಪಟ್ಟಣದ ವರೆಗೆ ಮಾತ್ರ ಮೆಲ್ಲಗೆ ಹೋಗಿ, ಹೊಳೆಯ ದಡದಲ್ಲಿ ನಿಲ್ಲಿಸಿ, ಎಡದ ಪ್ಲಗ್ಗನ್ನು ಬಿಚ್ಚಿ ನಮಗೆ ಫೋನು ಮಾಡಿದನು. “ದೊಡ್ಡಪ್ಪಾ, ಬಿಸ್ಕತ್ತಿನ ಬಣ್ಣ!” ಎಂದನು. ನಾವು ಅದನ್ನು ಅವನ ತಾಯಿಗೆ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಂಗಳೂರಿಗೆ ಹೋಗುವ ದಿನ ಬೆಳಗ್ಗೆ ಬೇಗ ಹೊರಡಲಿ, ಬಿಸಿಲೇರುವ ಮುನ್ನ ತಲುಪಲಿ ಎಂದಳು.

ಬಿ.ಪಿ. ಯಂತ್ರವನ್ನು ಎರಡು ಸಲ ಸೋಪಿನಿಂದ ತೊಳೆದು ಬಿಸಿಲಿಗಿಟ್ಟರೂ ಅದರ ಪೆಟ್ರೋಲಿನ ವಾಸನೆ ಇನ್ನೂ ಹೋಗಿಲ್ಲ. ನಮ್ಮ ಮನೆಯಾಕೆಗೆ ಹೊಸದೊಂದನ್ನು ತರಿಸಿಕೊಟ್ಟಿದ್ದೇವೆ. ಹಳೆಯದು ಶಿಷ್ಯನ ಅಂಗಡಿಯಲ್ಲಿದೆ.